ಪೈಪು ಬದಲಿಸುವ ಮುನ್ನ: ಬೆಂಗಳೂರಿನ ಸ್ಪೋರ್ಟ್ಸ್ ಕಾರಿನ ಗೆಳೆಯರಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಸ್ಪೋರ್ಟ್ಸ್ ಕಾರುಗಳ ಒಡೆಯ ಒಡತಿಯರಿಗೆ, ಅದರಲ್ಲೂ ಕಂಪನಿ ಕೊಟ್ಟ ಸೈಲೆನ್ಸರ್ ಕಳಚಿ ಇನ್ನಷ್ಟು ಜೋರಾದದ್ದನ್ನು ಹಾಕಿಸಲು ಮನಸ್ಸು ಮಾಡಿರುವವರಿಗೆ,



ಇದು ದೂರಿನ ಪತ್ರವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೇಲಿನ ದೂರುಗಳು ಪತ್ರಿಕೆಗಳ ವಾಚಕರ ಪತ್ರಗಳಲ್ಲಿ, ಅಪಾರ್ಟ್‌ಮೆಂಟ್ ಸಂಘಗಳ ಸಭೆಗಳಲ್ಲಿ, ಟ್ರಾಫಿಕ್ ಪೊಲೀಸರ ಮುಂದೆ ಬೇಕಾದಷ್ಟು ಬಿದ್ದಿವೆ. ಅವುಗಳ ಮೇಲೆ ಇನ್ನೊಂದನ್ನು ಪೇರಿಸುವ ಆಸೆ ನನಗಿಲ್ಲ. ನಾನೂ ನಿಮ್ಮ ಪಂಗಡದವನೇ. ವಿಠಲ ಮಲ್ಯ ರಸ್ತೆಯಲ್ಲಿ ಪೋರ್ಷೆಯೊಂದು ಗೇರ್ ಇಳಿಸಿದ ಸದ್ದು ಕೇಳಿದರೆ ಆಡುತ್ತಿದ್ದ ಮಾತು ಅಲ್ಲೇ ಬಿಟ್ಟು ಆ ಕಡೆ ತಿರುಗುವ ಜಾತಿ. ಒಳ್ಳೆಯ ಎಂಜಿನ್ನಿನ ದನಿ ಕೇಳುವ ಸುಖ ಎಂಥದ್ದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆದ್ದರಿಂದಲೇ ಈ ಪತ್ರ. ಊರಿನಲ್ಲಿ ಈಗ ಕೇಳಿಬರುತ್ತಿರುವ ಪೈಪುಗಳಲ್ಲಿ ಹೆಚ್ಚಿನವು ಜೋರಾಗಿವೆ, ಚೆನ್ನಾಗಿಲ್ಲ. ಜೋರು ಪುಕ್ಕಟೆ ಸಿಗುವ ಸರಕು. ಹ್ಯಾಕ್ಸಾ ಬ್ಲೇಡು ಹಿಡಿದು ಕಾರಿನ ಕೆಳಗೆ ಮಲಗಿದ ಯಾವ ಹುಡುಗನಾದರೂ ಅರ್ಧ ಗಂಟೆಯಲ್ಲಿ ಅದನ್ನು ಕೊಡಬಲ್ಲ. ದುಡ್ಡು ಕೊಡಬೇಕಾದದ್ದು ದನಿಗೆ. ಅದಕ್ಕಿಂತ ಹೆಚ್ಚಾಗಿ, ಬೇಡವೆಂದಾಗ ಆ ದನಿಯನ್ನು ಅಡಗಿಸುವ ಸೌಕರ್ಯಕ್ಕೆ. ಈ ಎರಡನ್ನು ಬಿಟ್ಟು ಡೆಸಿಬೆಲ್ ಲೆಕ್ಕದಲ್ಲಿ ಪೈಪು ಕೊಳ್ಳುವವರು ಮೋಸಹೋಗುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಕಾರಿನ ದನಿಯ ಹಣೆಬರಹ ಬಹುಪಾಲು ಎಂಜಿನ್ನಿನ ಒಳಗೇ ಬರೆದುಹೋಗಿರುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ. ಅಂದರೆ 6000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರಿನ ಕಾರು ಸೆಕೆಂಡಿಗೆ 200 ಬಾರಿ ಸಿಡಿದರೆ, ವಿ8 400 ಬಾರಿ, ವಿ10 500 ಬಾರಿ, ವಿ12 600 ಬಾರಿ ಸಿಡಿಯುತ್ತದೆ. ನಮ್ಮ ಕಿವಿ ಹಿಡಿಯುವ ಶ್ರುತಿ ಮುಖ್ಯವಾಗಿ ಇದೇ. ಎರಡು ಲೀಟರಿನ ಟರ್ಬೊ ನಾಲ್ಕು ಸಿಲಿಂಡರಿಗೆ ಎಷ್ಟೇ ದೊಡ್ಡ ಪೈಪು ಕಟ್ಟಿದರೂ ಅದು ಲ್ಯಾಂಬೊರ್ಗಿನಿಯಂತೆ ಹಾಡದು. 200 ಬಾರಿ ಸಿಡಿಯುವುದನ್ನು 500 ಮಾಡುವ ಸೈಲೆನ್ಸರ್ ಇನ್ನೂ ಹುಟ್ಟಿಲ್ಲ. ಅಂಗಡಿಯವನು ತನ್ನ ಮೊಬೈಲಿನಲ್ಲಿ ಯಾವುದೋ ದೇಶದ ವಿಡಿಯೋ ತೋರಿಸಿ 'ಸರ್, ಸೇಮ್ ಸೌಂಡ್ ಬರುತ್ತೆ' ಎಂದರೆ, ಆ ವಿಡಿಯೋದಲ್ಲಿರುವ ಎಂಜಿನ್ ಯಾವುದು ಎಂದು ಒಮ್ಮೆ ಕೇಳಿ.

ಎಷ್ಟು ಸಿಡಿತ ಎಂಬುದು ಒಂದು ಮಾತಾದರೆ, ಯಾವ ಕ್ರಮದಲ್ಲಿ ಎಂಬುದು ಇನ್ನೊಂದು. 2016ರಲ್ಲಿ ನಮ್ಮಲ್ಲಿಗೆ ಬಂದ ಫೋರ್ಡ್ ಮಸ್ಟಾಂಗಿನ 5 ಲೀಟರಿನ ವಿ8ನ್ನೇ ತೆಗೆದುಕೊಳ್ಳಿ. ಅದರ ಕ್ರಾಂಕ್‌ಶಾಫ್ಟಿನ ತಿರುವುಗಳು 90 ಡಿಗ್ರಿ ಅಂತರದಲ್ಲಿವೆ. ಹಾಗಾಗಿ ಎಡಸಾಲಿನಲ್ಲಿ ಎರಡು ಸಿಲಿಂಡರ್ ಬೆನ್ನುಬೆನ್ನಿಗೆ ಸಿಡಿದು ಆಮೇಲೆ ಕೊಂಚ ಬಿಡುವು ಬರುತ್ತದೆ. ಬಲಸಾಲಿನದೂ ಇದೇ ಕಥೆ. ಮಸ್ಟಾಂಗ್ ನಿಂತಲ್ಲೇ ಗುಡುಗುಡು ಎನ್ನುವುದು ಈ ಏರುಪೇರಿನಿಂದ. ಫೆರಾರಿಯ ವಿ8ರಲ್ಲಿ ಕ್ರಾಂಕಿನ ತಿರುವುಗಳೆಲ್ಲ ಒಂದೇ ಸಮತಲದಲ್ಲಿ. ಅಲ್ಲಿ ಎಡ ಬಲ ಎಡ ಬಲ ಎಂದು ಸಿಡಿತ ಸಮನಾಗಿ ಹಂಚಿಹೋಗುತ್ತದೆ, ಅದಕ್ಕೇ ಅದು ಗುಡುಗುವುದಿಲ್ಲ, ಕಿರುಚುತ್ತದೆ. ಎರಡೂ ವಿ8ಗಳೇ, ಎರಡಕ್ಕೂ ಎಂಟೇ ಸಿಲಿಂಡರು. ಇನ್ನು ಸುಬಾರು ಡಬ್ಲ್ಯುಆರ್‌ಎಕ್ಸ್ ಕಾರಿನ ಪ್ರಸಿದ್ಧ ಗುಡುಗಂತೂ ಸೈಲೆನ್ಸರಿನ ಹತ್ತಿರವೂ ಹುಟ್ಟುತ್ತಿರಲಿಲ್ಲ. ಎಂಜಿನ್ನಿನ ಬುಡದ ಮ್ಯಾನಿಫೋಲ್ಡಿನಲ್ಲಿ ಒಂದು ಪೈಪು ಗಿಡ್ಡ, ಒಂದು ಉದ್ದ ಇದ್ದದ್ದರಿಂದ ಅನಿಲ ಹೊತ್ತಲ್ಲದ ಹೊತ್ತಿಗೆ ಬಂದು ಸೇರುತ್ತಿತ್ತು. ಮುಂದಿನ ಎಂಜಿನ್ನಿನಲ್ಲಿ ಕಂಪನಿಯವರು ಆ ಪೈಪುಗಳನ್ನು ಸಮನಾಗಿ ಮಾಡಿದರು, ಗುಡುಗು ಹೋಯಿತು. ಗುಡುಗು ಹೋಯಿತೆಂದು ಅತ್ತ ಅಭಿಮಾನಿಗಳಿಗೆ ಎಂಜಿನ್ ಮೊದಲಿಗಿಂತ ಚೆನ್ನಾಗಿ ಉಸಿರಾಡುತ್ತಿತ್ತು ಎಂಬುದು ಮುಖ್ಯವಾಗಲಿಲ್ಲ.

ಟರ್ಬೊ ಇರುವ ಕಾರಿನವರಿಗೆ ಇನ್ನೊಂದು ಕಹಿ ಸತ್ಯ. ಟರ್ಬೊ ತಿರುಗುವುದು ಹೊರಹೋಗುವ ಅನಿಲದ ಬಲದಿಂದಲೇ. ಶಬ್ದವಾಗಬೇಕಿದ್ದ ಹೊಡೆತದಲ್ಲಿ ದೊಡ್ಡ ಪಾಲನ್ನು ಅದು ಮೊದಲೇ ನುಂಗಿಬಿಟ್ಟಿರುತ್ತದೆ. ಫಾರ್ಮುಲಾ ಒನ್‌ನವರಿಗೇ ಇದು ತಪ್ಪಲಿಲ್ಲ. 2014ರಲ್ಲಿ ಅವರು 2.4 ಲೀಟರಿನ ವಿ8 ಬಿಟ್ಟು 1.6 ಲೀಟರಿನ ಟರ್ಬೊ ಹೈಬ್ರಿಡ್ ವಿ6ಗೆ ಬಂದಾಗ ಸದ್ದು ಸತ್ತುಹೋಯಿತೆಂದು ಪ್ರೇಕ್ಷಕರು ಗಲಾಟೆ ಎಬ್ಬಿಸಿದರು. ಆ ವರ್ಷ ಮೇ ತಿಂಗಳಲ್ಲಿ ಬಾರ್ಸಿಲೋನಾದ ಪರೀಕ್ಷಾರ್ಥ ಓಟದಲ್ಲಿ ಮರ್ಸಿಡಿಸ್ ತಂಡ ಕಾರಿನ ಹಿಂದೆ ಕಹಳೆಯ ಬಾಯಿಯಂಥ ದೊಡ್ಡ ಪೈಪು ಕಟ್ಟಿ ನೋಡಿತು. ನೋಟ ವಿಚಿತ್ರವಾಯಿತೇ ಹೊರತು ಸದ್ದು ಅಂದುಕೊಂಡಂತೆ ಏರಲಿಲ್ಲ. ಆ ಯೋಚನೆಯನ್ನು ಕೈಬಿಟ್ಟರು. 2016ರಲ್ಲಿ ಟರ್ಬೊ ತಪ್ಪಿಸಿ ಹೊರಹೋಗುವ ವೇಸ್ಟ್‌ಗೇಟಿನ ಅನಿಲಕ್ಕೆ ಬೇರೆಯೇ ಪೈಪು ಇರಬೇಕೆಂದು ನಿಯಮ ತಂದು ಒಂದಿಷ್ಟು ಸದ್ದು ವಾಪಸು ಪಡೆದರು. ಕೋಟಿಗಟ್ಟಲೆ ಸುರಿದವರ ಪಾಡೇ ಹೀಗಿರುವಾಗ ಅಂಗಡಿಯ ದಪ್ಪ ತುದಿಯಿಂದ ನಿಮ್ಮ ಕಾರಿಗೆ ಏನು ಬರುತ್ತದೆ? ನೋಟ ಬರುತ್ತದೆ. ನೋಟವೇ ಬೇಕಿದ್ದರೆ ತುದಿಯನ್ನಷ್ಟೇ ಹಾಕಿಸಿಕೊಳ್ಳಿ, ಅದರಿಂದ ಯಾರಿಗೂ ತೊಂದರೆಯಿಲ್ಲ.

ಇನ್ನು ಪೈಪು ಬದಲಿಸಿದವರೆಲ್ಲ ಮೊದಲ ವಾರ ಹೇಳದೆ ಎರಡನೇ ತಿಂಗಳಲ್ಲಿ ಹೇಳುವ ಸಂಗತಿಗೆ ಬರೋಣ. ಡ್ರೋನ್. ಹಾರುವ ಡ್ರೋನ್ ಅಲ್ಲ, ಹೆದ್ದಾರಿಯಲ್ಲಿ ಒಂದೇ ವೇಗಕ್ಕೆ ಹಿಡಿದು ಹೋಗುವಾಗ ತಲೆಯೊಳಗೆ ಕೂತುಬಿಡುವ ಆ ಮಂದ ಗುಂಯ್ ಸದ್ದು. ಖಾಲಿ ಸೋಡಾ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿದರೆ ಒಂದೇ ಒಂದು ಸ್ವರ ಬರುತ್ತದಲ್ಲ, ಪ್ರತಿ ಕಾರಿನ ಕ್ಯಾಬಿನ್ನಿಗೂ ಅಂಥ ತನ್ನದೇ ಸ್ವರಗಳಿರುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ 2400 ಆರ್‌ಪಿಎಂನಲ್ಲಿ ಸೆಕೆಂಡಿಗೆ 80 ಬಾರಿ ಸಿಡಿಯುತ್ತದೆ. ಆ 80 ಹರ್ಟ್ಸ್ ನಿಮ್ಮ ಕ್ಯಾಬಿನ್ನಿನ ಸ್ವರಕ್ಕೆ ಹೊಂದಿಕೊಂಡಿತೋ, ಮುಗಿಯಿತು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಾತಾಡಲಾಗದು, ಹಾಡು ಕೇಳಲಾಗದು, ಇಳಿದ ಮೇಲೂ ಕಿವಿಯಲ್ಲಿ ಜೇನುಹುಳು. ವಿಡಿಯೋದಲ್ಲಿ ಇದು ಕೇಳಿಸುವುದಿಲ್ಲ. ಅಂಗಡಿಯ ಮುಂದೆ ನಿಲ್ಲಿಸಿ ಆಕ್ಸಿಲರೇಟರ್ ತುಳಿದಾಗಲೂ ತಿಳಿಯುವುದಿಲ್ಲ.

ಕಂಪನಿಯ ಎಂಜಿನಿಯರುಗಳು ಮಧ್ಯದಲ್ಲಿ ಒಂದು ಸಣ್ಣ ಡಬ್ಬಿಯಿಡುತ್ತಾರೆ, ರೆಸೊನೇಟರ್ ಎಂದು. ಕಿವಿಗೆ ಹಿತವಾಗದ ಆ ನಡುವಿನ ಸ್ವರಗಳನ್ನು ಹೆಕ್ಕಿ ತೆಗೆಯುವುದೇ ಅದರ ಕೆಲಸ. ನಮ್ಮಲ್ಲಿ ಮೊದಲು ಕತ್ತರಿಸಿ ಎಸೆಯುವುದೂ ಅದನ್ನೇ, 'ವೇಸ್ಟ್ ಸರ್ ಅದು' ಎಂದು. ಒಳ್ಳೆಯ ತಯಾರಕರು ಡ್ರೋನ್ ಕೊಲ್ಲಲು ಒಂದು ತುದಿ ಮುಚ್ಚಿದ ಅಡ್ಡಪೈಪನ್ನು ಬೆಸೆಯುತ್ತಾರೆ. ಒಳಹೋದ ಅಲೆ ತುದಿಗೆ ಬಡಿದು ತಿರುಗಿ ಬರುವಷ್ಟರಲ್ಲಿ ಮುಖ್ಯ ಪೈಪಿನ ಅಲೆಗೆ ಎದುರಾಗಿ ನಿಂತು ಅದನ್ನು ಅಳಿಸಿಹಾಕುತ್ತದೆ. ಆ ಅಡ್ಡಪೈಪಿನ ಉದ್ದ ಅಲೆಯ ಕಾಲುಭಾಗ ಇರಬೇಕು. 80 ಹರ್ಟ್ಸಿಗೆ ಅದು ಒಂದು ಮೀಟರಿಗೂ ಮಿಕ್ಕಿದ್ದು. ಇಷ್ಟುದ್ದದ ಪೈಪನ್ನು ಕಾರಿನ ತಳದಲ್ಲಿ ಎಲ್ಲಿ ಹಾಯಿಸುತ್ತೀರಿ ಎಂದು ಅಂಗಡಿಯವನನ್ನು ಕೇಳಿ. ಅವನು ಕೂಡಲೇ ಟೇಪು ಹಿಡಿದು ಕಾರಿನ ಕೆಳಗೆ ನುಸುಳಿದರೆ ಅವನಲ್ಲಿ ಕೆಲಸ ಮಾಡಿಸಬಹುದು. 'ಡ್ರೋನ್ ಬರಲ್ಲ ಸರ್, ಗ್ಯಾರಂಟಿ' ಎಂದು ಕೂತಲ್ಲೇ ಹೇಳಿದರೆ ಎದ್ದು ಬನ್ನಿ.

ಸೈಲೆನ್ಸರಿನ ಹೊಟ್ಟೆಯಲ್ಲಿ ಏನಿದೆ ಎಂಬುದನ್ನೂ ಕೇಳಿ ತಿಳಿಯಬೇಕು. ಹಳೆಯ ಬಗೆಯವುಗಳಲ್ಲಿ ಕೋಣೆಗಳಿರುತ್ತವೆ. ಅನಿಲ ಗೋಡೆಗೆ ಬಡಿದು, ತಿರುಗಿ, ಸುಸ್ತಾಗಿ ಹೊರಬರುತ್ತದೆ. ನೇರ ಬಗೆಯದರಲ್ಲಿ ತೂತು ಕೊರೆದ ಒಂದು ನಳಿಗೆ ಈ ತುದಿಯಿಂದ ಆ ತುದಿಗೆ ಹಾಯ್ದಿದ್ದು, ಸುತ್ತ ಗಾಜಿನ ಉಣ್ಣೆ ತುಂಬಿರುತ್ತಾರೆ. ಇದರಲ್ಲಿ ಅನಿಲಕ್ಕೆ ಅಡ್ಡಿಯಿಲ್ಲ, ಚೂಪಾದ ಸದ್ದನ್ನು ಉಣ್ಣೆ ಹೀರುತ್ತದೆ, ಮಂದ್ರ ಉಳಿಯುತ್ತದೆ. ಕೇಳಲು ಸೊಗಸು. ಆದರೆ ಅಗ್ಗದ ಉಣ್ಣೆ ಬಿಸಿಗೆ ಸುಟ್ಟು, ಅನಿಲದ ಜೊತೆ ಪುಡಿಯಾಗಿ ಹೊರಹೋಗುತ್ತಿರುತ್ತದೆ. ಹಾಕಿಸಿದ ದಿನ ಇಷ್ಟವಾದ ಸದ್ದು ಒಂದೆರಡು ವರ್ಷದಲ್ಲಿ ಒಡಕು ತಗಡಿನದಾಗುವುದು ಇದರಿಂದಲೇ. ಬಿಚ್ಚಿ ಉಣ್ಣೆ ಮತ್ತೆ ತುಂಬಲು ಬರುತ್ತದೆಯೇ? ಮುಚ್ಚಳ ಬೋಲ್ಟಿನದೋ, ಬೆಸೆದದ್ದೋ? ಬೆಲೆ ಕೇಳುವ ಮುಂಚೆ ಇದನ್ನು ಕೇಳಿ.

ಹೆಚ್ಚು ಪವರ್ ಬರುತ್ತದೆ ಎಂಬ ಆಸೆಯಿಂದ ಹಾಕಿಸುವವರಿಗೆ ಒಂದೆರಡು ಮಾತು ಸಾಕು. ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನ ಪೈಪನ್ನಷ್ಟೇ ಬದಲಿಸಿದರೆ ಈಗಿನ ಕಾರುಗಳಲ್ಲಿ ಸಿಗುವುದು ಅತ್ಯಲ್ಪ. 'ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕು' ಎಂಬ ಮಾತೂ ತಪ್ಪು. ಎಂಜಿನ್ನಿಗೆ ಬೇಕಾದದ್ದು ಅನಿಲದ ವೇಗ. ಟರ್ಬೊ ಇಲ್ಲದ ಕಾರಿಗೆ ವಿಪರೀತ ದಪ್ಪ ಪೈಪು ಹಾಕಿದರೆ ಅನಿಲ ನಿಧಾನವಾಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹಿಂದಿನಿಂದ ಎಳೆದುಕೊಳ್ಳುವ ಗುಣ ಕಳೆದುಕೊಳ್ಳುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಕಾರು ಸೋಮಾರಿಯಾಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಮಗೆ ಬೇಕಾದದ್ದು ಆ ಕೆಳಗಿನ ಆರ್‌ಪಿಎಂ ಮಾತ್ರ.

ಒಂದು ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಬೇಡಿ. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪಿಸಿದ ಆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ ಕಾರ್ಬನ್ ಮಾನಾಕ್ಸೈಡನ್ನೂ ಅರೆಬೆಂದ ಪೆಟ್ರೋಲನ್ನೂ ನೈಟ್ರೋಜನ್ ಆಕ್ಸೈಡುಗಳನ್ನೂ ಕೊಲ್ಲುತ್ತಾ ಬರುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದದ್ದು ನಮ್ಮ ಶ್ವಾಸಕೋಶಕ್ಕಾಗಿ. ಕನ್ವರ್ಟರನ್ನು ತೆಗೆದು ನೇರ ಡೌನ್‌ಪೈಪ್ ಹಾಕಿ, ಎಂಜಿನ್ ಚೆಕ್ ದೀಪ ಹತ್ತದಂತೆ ಹಿಂದಿನ ಆಕ್ಸಿಜನ್ ಸೆನ್ಸರಿಗೆ ಸ್ಪೇಸರ್ ಕಟ್ಟಿ ಮೋಸಮಾಡುವ ವಿದ್ಯೆ ಈ ಊರಿನ ಗ್ಯಾರೇಜುಗಳಿಗೆ ಚೆನ್ನಾಗಿ ಕರಗತವಾಗಿದೆ. ಅದರ ಮುಂದಿನ ಮೆಟ್ಟಿಲೇ 'ಪಾಪ್ಸ್ ಅಂಡ್ ಬ್ಯಾಂಗ್ಸ್' ಮ್ಯಾಪು. ಆಕ್ಸಿಲರೇಟರ್ ಬಿಟ್ಟಾಗ ಬೇಕೆಂದೇ ಪೆಟ್ರೋಲ್ ಹಾಯಿಸಿ, ಸ್ಪಾರ್ಕನ್ನು ತಡಮಾಡಿ, ಬೆಂಕಿಯನ್ನು ಪೈಪಿನೊಳಗೆ ಹೊತ್ತಿಸುವ ಆಟ. ಕ್ಯಾಟ್ ಇದ್ದರೆ ಆ ಬಿಸಿಗೆ ಅದರ ಪಿಂಗಾಣಿ ಕರಗುತ್ತದೆ, ಟರ್ಬೊ ಕಾಯುತ್ತದೆ. ಕೇಳುವವರಿಗೆ ದೀಪಾವಳಿಯ ಮಾರನೆಯ ದಿನವೂ ಪಟಾಕಿ ಹೊಡೆಯುವ ಹುಡುಗರ ನೆನಪಾಗುತ್ತದೆ. ರ‍್ಯಾಲಿ ಕಾರುಗಳಲ್ಲಿ ಅಂಥ ಸಿಡಿತಕ್ಕೆ ಟರ್ಬೊ ತಿರುಗುತ್ತಲೇ ಇರಲಿ ಎಂಬ ಕಾರಣವಿತ್ತು. ಲ್ಯಾವೆಲ್ ರಸ್ತೆಯಲ್ಲಿ ನಿಮಗೆ ಯಾವ ಕಾರಣವಿದೆ?

ಕೆಲಸದ ಗುಣದ ಬಗ್ಗೆ. ಜೆ.ಸಿ. ರಸ್ತೆಯಲ್ಲೋ ನಗರದ ಅಂಚಿನ ಶೆಡ್ಡಿನಲ್ಲೋ ಪೈಪು ಬಗ್ಗಿಸುವುದನ್ನು ನಿಂತು ನೋಡಿ. ತಿರುವಿನಲ್ಲಿ ಪೈಪಿನ ಒಳಮೈ ಸುಕ್ಕಾಗಿ ಕಿರಿದಾದರೆ ಅದು ಅಗ್ಗದ ಕೆಲಸ. ಒಳಗೆ ಗುಂಡು ಕೊಟ್ಟು ಬಗ್ಗಿಸಿದರೆ ಉದ್ದಕ್ಕೂ ಒಂದೇ ಅಳತೆ ಉಳಿಯುತ್ತದೆ. 304 ಸ್ಟೀಲ್ ತುಕ್ಕು ತಡೆಯುತ್ತದೆ. ಟೈಟಾನಿಯಂ ಹಗುರ, ದನಿ ತೆಳ್ಳಗೆ, ಬೆಲೆ ಮೂಗಿನ ಮೇಲೆ ಬೆರಳಿಡುವಂಥದ್ದು. ಇದೆಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ಹಂಪುಗಳು. ಜರ್ಮನಿಯಲ್ಲೋ ಸ್ಲೊವೇನಿಯಾದಲ್ಲೋ ವಿನ್ಯಾಸಗೊಂಡ ಪೈಪಿಗೆ ನಮ್ಮ ಬಡಾವಣೆಯವರು ರಾತ್ರೋರಾತ್ರಿ ಸುರಿದ ಕಾಂಕ್ರೀಟ್ ಹಂಪಿನ ಕಲ್ಪನೆಯಿಲ್ಲ. ಹೊಸ ಪೈಪು ಹಳೆಯದಕ್ಕಿಂತ ಎರಡು ಬೆರಳು ಕೆಳಗೆ ಇಳಿದರೆ ಮೊದಲ ತಿಂಗಳಲ್ಲೇ ಫ್ಲ್ಯಾಂಜಿನ ಬೋಲ್ಟು ಕೆರೆದುಹೋಗುತ್ತದೆ, ಗ್ಯಾಸ್ಕೆಟ್ ಸೋರುತ್ತದೆ, ಆಮೇಲೆ ಬರುವ ಟಿಕ್ ಟಿಕ್ ಸದ್ದು ಯಾವ ಕ್ಯಾಟಲಾಗಿನಲ್ಲೂ ಇರುವುದಿಲ್ಲ.

ಈಗ ಕಾನೂನು. ಬೇಸರಿಸಬೇಡಿ, ಬೇಗ ಮುಗಿಸುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಪ್ರತಿ ವಾಹನಕ್ಕೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಕಾರು ಕಾರ್ಖಾನೆಯಿಂದ ಹೊರಬರುವ ಹಂತದ ಮಿತಿ 2005ರ ಏಪ್ರಿಲ್‌ನಿಂದ 74 ಡೆಸಿಬೆಲ್. ಇದನ್ನು ಅಳೆಯುವ ರೀತಿಯೂ ಗೊತ್ತಿರಲಿ: ಕಾರು 20 ಮೀಟರಿನ ಪಟ್ಟಿಯೊಳಗೆ ಪೂರ್ತಿ ಆಕ್ಸಿಲರೇಟರ್ ತುಳಿದು ಹಾಯುತ್ತದೆ, ಮೈಕು ಪಕ್ಕದಲ್ಲಿ ಏಳೂವರೆ ಮೀಟರ್ ದೂರದಲ್ಲಿರುತ್ತದೆ. ಪೈಪಿನ ಬಾಯಿಯ ಹತ್ತಿರ ಅರ್ಧ ಮೀಟರಿನಲ್ಲಿ ಹಿಡಿದ ಅಳತೆ ಬೇರೆಯೇ ಪರೀಕ್ಷೆಯದು. ಎರಡನ್ನೂ ಕಲಸಿ 'ನಮ್ಮದು ಲಿಮಿಟ್‌ನಲ್ಲೇ ಇದೆ' ಎನ್ನುವ ವಾದ ನಿಲ್ಲುವುದಿಲ್ಲ. ಮೊಬೈಲ್ ಆ್ಯಪಿನ ಅಂಕಿಯನ್ನಂತೂ ಪೊಲೀಸರಿಗೆ ತೋರಿಸಬೇಡಿ, ನಗುತ್ತಾರೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2) ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಪ್ರಕಾರ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿಯೂ ಆಗಿದೆ. ದುಬಾರಿ ಪೈಪಿನ ಡಬ್ಬಿಯ ಮೇಲೆ 'ರಸ್ತೆಯ ಬಳಕೆಗಲ್ಲ' ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿದ್ದರೆ ಅದು ನಿಮಗೇ ಬರೆದ ಮಾತು. ಬುಲೆಟ್ ಹುಡುಗರ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸುವ ಚಿತ್ರವನ್ನು ಪೇಪರಿನಲ್ಲಿ ನೋಡಿ ನಾವು ನಗುತ್ತೇವೆ. ಕಾನೂನು ಬುಲೆಟ್ಟಿಗೊಂದು, ಬಿಎಂಡಬ್ಲ್ಯುಗೊಂದು ಇಲ್ಲ. ಹಿಡಿಯುವುದರಲ್ಲಿ ಭೇದವಿದೆ, ಅದು ನಮಗೇನೂ ಹೆಮ್ಮೆಯ ವಿಷಯವಲ್ಲ.

ಡೆಸಿಬೆಲ್ಲಿನ ಗಣಿತ ಸ್ವಲ್ಪ ಕುತಂತ್ರಿ. 74 ಇದ್ದದ್ದು 84 ಆದರೆ 'ಹತ್ತು ತಾನೇ ಹೆಚ್ಚಾಯಿತು' ಅನ್ನಿಸುತ್ತದೆ. ಶಬ್ದದ ಶಕ್ತಿ ಹತ್ತು ಪಟ್ಟು ಆಗಿರುತ್ತದೆ, ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು. ಅದರಲ್ಲೂ ನಾವು ಮೆಚ್ಚುವ ಆ ಮಂದ್ರದ ಗುಡುಗು ಗೋಡೆ ಕಿಟಕಿಗಳನ್ನು ಸಲೀಸಾಗಿ ದಾಟುತ್ತದೆ. ಚೂಪು ಸದ್ದು ಕಾಂಪೌಂಡಿಗೆ ನಿಂತರೂ ಇದು ತೊಟ್ಟಿಲವರೆಗೆ ಹೋಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದಿವೆ, ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ನಿಮ್ಮ ಭಾನುವಾರದ ಸವಾರಿ ಹೊರಡುವುದು ಆ ರಾತ್ರಿಯಲ್ಲೇ. ಮೇಖ್ರಿ ವೃತ್ತದ ಅಂಡರ್‌ಪಾಸಿನಲ್ಲಿ ಕಿಟಕಿ ಇಳಿಸಿ, ಎರಡು ಗೇರ್ ಇಳಿಸಿ, ಪೂರ್ತಿ ತುಳಿಯುವ ಆಸೆ ನನಗೆ ಅರ್ಥವಾಗುತ್ತದೆ. ಕಾಂಕ್ರೀಟಿನ ಗೋಡೆ ತಿರುಗಿಸಿ ಕೊಡುವ ಆ ಸದ್ದು ನಿಜಕ್ಕೂ ರೋಮ ನಿಲ್ಲಿಸುವಂಥದ್ದು. ಅಲ್ಲಿಂದ ಸ್ವಲ್ಪ ಮುಂದಕ್ಕೆ ಹೆಬ್ಬಾಳದಲ್ಲಿ ಇದೇ ರಸ್ತೆಯ ಮೇಲೆ ಬ್ಯಾಪ್ಟಿಸ್ಟ್ ಆಸ್ಪತ್ರೆಯಿದೆ. ಆಸ್ಪತ್ರೆಯ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವೇ ನಿಯಮಗಳಲ್ಲಿ ಅವಕಾಶವಿದೆ. ಅಂಥ ವಲಯದ ರಾತ್ರಿಯ ಮಿತಿ 40. ಒಳಗೆ ಮಲಗಿದವರಿಗೆ ನಿಮ್ಮ ಎಂಜಿನ್ನಿನ ಸಿಡಿಯುವ ಕ್ರಮದಲ್ಲಿ ಆಸಕ್ತಿಯಿಲ್ಲ.

ಇದಕ್ಕೆ ಪರಿಹಾರ ಪೈಪು ಮಾಡುವವರೇ ಕಂಡುಕೊಂಡಿದ್ದಾರೆ, ಅದೇ ವಾಲ್ವ್. ಸೈಲೆನ್ಸರಿನೊಳಗೆ ಅನಿಲಕ್ಕೆ ಎರಡು ದಾರಿ: ಒಂದು ಕೋಣೆಗಳ ಮೂಲಕ ಸುತ್ತಿಬಳಸಿ, ಇನ್ನೊಂದು ನೇರ. ನೇರ ದಾರಿಗೆ ಒಂದು ಮುಚ್ಚಳ, ಮುಚ್ಚಳಕ್ಕೆ ಒಂದು ಮೋಟಾರು, ಮೋಟಾರಿಗೆ ಒಂದು ಗುಂಡಿ. ಪೋರ್ಷೆಯಿಂದ ಹಿಡಿದು ಅನೇಕ ಕಂಪನಿಗಳು ಇದನ್ನು ಕಾರಿನ ಜೊತೆಯಲ್ಲೇ ಮಾರುತ್ತವೆ. ಫೋರ್ಡಿನವರ ಕಥೆ ಎಲ್ಲಕ್ಕಿಂತ ಮಜವಾಗಿದೆ. ಅಮೆರಿಕದಲ್ಲಿ ಅವರದೇ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರೊಬ್ಬರು ಮನೆಯಂಗಳದಿಂದ ತಮ್ಮ ಶೆಲ್ಬಿ ಮಸ್ಟಾಂಗ್ ಹೊರತೆಗೆಯುತ್ತಿದ್ದಾಗ ಅಕ್ಕಪಕ್ಕದವರು ಪೊಲೀಸರನ್ನು ಕರೆದರು. ಆ ಮುಜುಗರದಿಂದ ಹುಟ್ಟಿದ್ದೇ 2018ರ ಮಸ್ಟಾಂಗಿನ 'ಗುಡ್ ನೇಬರ್ ಮೋಡ್'. ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆವರೆಗೆ ಕಾರು ಮೆತ್ತಗೆ ಏಳಬೇಕೆಂದು ಮೊದಲೇ ಹೇಳಿಟ್ಟುಬಿಡಬಹುದು. ಸದ್ದು ಸುಮಾರು 10 ಡೆಸಿಬೆಲ್ ಇಳಿಯುತ್ತದೆ. ಅಮೆರಿಕದ ವಿ8 ಕಾರು ನೆರೆಯವರಿಗೆ ಹೆದರಿ ತಗ್ಗಿದ್ದರಲ್ಲಿ ಮಾನ ಹೋಗುವಂಥದ್ದೇನೂ ಯಾರಿಗೂ ಕಾಣಲಿಲ್ಲ.

ಹಾಗಾದರೆ ಯಾವುದನ್ನು ಆರಿಸಿಕೊಳ್ಳಬೇಕು? ನನ್ನ ಆಯ್ಕೆ ಕೇಳಿದರೆ ಹೇಳುತ್ತೇನೆ. ಮೊದಲನೆಯದು, ಕಾರು ಕೊಳ್ಳುವಾಗಲೇ ಕಂಪನಿಯದೇ ಸ್ಪೋರ್ಟ್ಸ್ ಎಕ್ಸಾಸ್ಟ್ ಸಿಗುತ್ತಿದ್ದರೆ ಸನ್‌ರೂಫ್ ಬಿಟ್ಟು ಅದನ್ನು ತೆಗೆದುಕೊಳ್ಳಿ. ಅದು ಕಾರಿನ ಜೊತೆಗೇ ಪರೀಕ್ಷೆ ಪಾಸಾಗಿ ಬಂದಿರುತ್ತದೆ, ವಾರಂಟಿಯ ತಕರಾರು ಇರುವುದಿಲ್ಲ. ಹೊರಗಿನದೇ ಬೇಕೆಂದರೆ ಕ್ಯಾಟ್ ಮುಟ್ಟದ, ವಾಲ್ವ್ ಇರುವ, ಯುರೋಪಿನ ಬದಲಿ ಸೈಲೆನ್ಸರುಗಳ ಅನುಮೋದನೆಯಾದ ವೃತ್ತದೊಳಗಿನ 'ಇ' ಗುರುತು ಇರುವಂಥದ್ದನ್ನು ನೋಡಿ. ಆ ಗುರುತು ಇಲ್ಲಿ ಲೈಸೆನ್ಸಲ್ಲ, ನಮ್ಮ ಆರ್‌ಟಿಒ ಅದನ್ನು ಕೇಳುವುದೂ ಇಲ್ಲ. ತಯಾರಕ ತನ್ನ ಪೈಪನ್ನು ಎಲ್ಲೋ ಒಂದು ಕಡೆ ಮೈಕಿನ ಮುಂದೆ ನಿಲ್ಲಿಸಿದ್ದಾನೆ ಎಂಬುದಕ್ಕೆ ಸಾಕ್ಷಿಯಷ್ಟೇ. ಗುಂಡಿ ಒತ್ತಿ ವಾಲ್ವ್ ಮುಚ್ಚಿದಾಗ ಕಾರು ಹಳೆಯ ಸೈಲೆನ್ಸರಿನಷ್ಟೇ ಮೆತ್ತಗಾಗಬೇಕು. ಆಗದಿದ್ದರೆ ಅದು ಅಲಂಕಾರದ ವಾಲ್ವ್, ಬೇಡ. ಅದೇ ಮಾದರಿಯ ಕಾರಿನಲ್ಲಿ ಅದೇ ಪೈಪು ಹಾಕಿಸಿದ ಒಬ್ಬರನ್ನು ಹುಡುಕಿ, ಅವರ ಪಕ್ಕ ಕೂತು, ದೇವನಹಳ್ಳಿಯವರೆಗೆ 80ರಲ್ಲಿ, 100ರಲ್ಲಿ ಹೋಗಿ ಬನ್ನಿ. ಹೊರಗೆ ನಿಂತು ಕೇಳುವುದಕ್ಕಿಂತ ಒಳಗೆ ಕೂತು ಕೇಳುವುದು ಮುಖ್ಯ, ಏಕೆಂದರೆ ಕಾರು ಓಡಿಸುವವರು ನೀವು.

ಒಳಗೇ ಕೇಳಬೇಕೆಂದರೆ ಇನ್ನೊಂದು ದಾರಿಯನ್ನು ನಮ್ಮವರು ಮರೆತೇಬಿಟ್ಟಿದ್ದಾರೆ. ನಾವು ಮರುಳಾಗುವ ಸದ್ದಿನಲ್ಲಿ ಒಂದು ದೊಡ್ಡ ಪಾಲು ಹಿಂದಿನ ಪೈಪಿನದಲ್ಲ, ಮುಂದೆ ಗಾಳಿ ಎಳೆದುಕೊಳ್ಳುವ ಬಾಯಿಯದು. ಟರ್ಬೊ ಇಲ್ಲದ ಎಂಜಿನ್ನುಗಳಲ್ಲಂತೂ ಆ ಉಸಿರಿನ ಮೊರೆತವೇ ಅರ್ಧ ಸಂಗೀತ. ಟೊಯೊಟಾ ತನ್ನ 86 ಕಾರಿನಲ್ಲಿ ಇಂಟೇಕಿನಿಂದ ಕ್ಯಾಬಿನ್ನಿನ ಕಡೆಗೆ ಒಂದು ನಳಿಗೆ ಹಾಯಿಸಿ ಆ ಸದ್ದನ್ನು ನೇರ ಚಾಲಕನಿಗೆ ತಲುಪಿಸಿತು. ರಸ್ತೆಯವರಿಗೆ ಏನೂ ಕೇಳದು, ಕೂತವನಿಗೆ ಹಬ್ಬ. ಬಿಎಂಡಬ್ಲ್ಯು ಎಂ5ರಂತೆ ಸ್ಪೀಕರಿನಿಂದ ಎಂಜಿನ್ ಸದ್ದು ಹೊರಡಿಸುವುದು ಮಾತ್ರ ನನಗೆ ಒಗ್ಗದು. ಅದು ನನ್ನ ಹಟ. ನಿಮಗೆ ಒಗ್ಗಿದರೆ ಸಂತೋಷ.

ಬಾಯಿಬಿಟ್ಟು ಕೂಗುವ ಪೈಪೇ ಬೇಕು, ವಾಲ್ವ್ ಗೀಲ್ವ್ ಬೇಡ ಎನ್ನುವವರಿಗೆ ಊರಿನ ರಸ್ತೆಯಲ್ಲಿ ಜಾಗವಿಲ್ಲ. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ. ಬೆಂಗಳೂರಿನಿಂದ ಎರಡೂ ಒಂದು ದಿನದ ಹಾದಿ. ಟ್ರ್ಯಾಕ್ ದಿನ ಹೋಗಿ, ರೆಡ್‌ಲೈನ್ ಮುಟ್ಟಿಸಿ, ಮನಸಾರೆ ಕೂಗಿಸಿ. ಅಲ್ಲಿ ನಿಮ್ಮ ಎಂಜಿನ್ 7000 ಆರ್‌ಪಿಎಂನಲ್ಲಿ ಉಳಿಯುವಷ್ಟು ಹೊತ್ತು ಕಸ್ತೂರಬಾ ರಸ್ತೆಯಲ್ಲಿ ವರ್ಷವಿಡೀ ಓಡಿಸಿದರೂ ಉಳಿಯದು. ಹೊರದೇಶಗಳ ಟ್ರ್ಯಾಕುಗಳಲ್ಲೂ ಪೂರ್ತಿ ಸ್ವಾತಂತ್ರ್ಯವಿದೆ ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಲಗುನಾ ಸೆಕಾದಲ್ಲಿ ಹೆಚ್ಚಿನ ದಿನಗಳಲ್ಲಿ ಶಬ್ದದ ಮಿತಿಯಿರುತ್ತದೆ. ಮೀರಿದವರನ್ನು ಟ್ರ್ಯಾಕಿನಿಂದ ಹೊರಗೆ ಕಳಿಸುತ್ತಾರೆ. ಅಲ್ಲಿಗೆ ಹೋಗುವವರು ಮೈಕು ಇರುವ ಕಡೆಗೆ ಬೆನ್ನು ತಿರುಗುವಂತೆ ಪೈಪಿನ ತುದಿಗೆ ಬಾಗಿದ ನಳಿಗೆ ಸಿಕ್ಕಿಸಿಕೊಳ್ಳುತ್ತಾರೆ ಎಂಬುದು ಬೇರೆ ಮಾತು.

ಕೊನೆಯದಾಗಿ ಮೂರು ಕೋರಿಕೆ. ಬಡಾವಣೆಯಿಂದ ಹೊರಡುವಾಗ, ಹೆಬ್ಬಾಳ ದಾಟುವವರೆಗೆ, ನಂದಿ ಬೆಟ್ಟದ ಬುಡದ ಹಳ್ಳಿಗಳಲ್ಲಿ ಹಾಯುವಾಗ ವಾಲ್ವ್ ಮುಚ್ಚಿರಲಿ, ಗೇರ್ ಒಂದು ಹೆಚ್ಚೇ ಇರಲಿ. ಗುಂಪಿನಲ್ಲಿ ಒಬ್ಬರು ಕ್ಯಾಟ್ ಕಿತ್ತ ಕಾರು ತಂದರೆ ಪೊಲೀಸರಿಗಿಂತ ಮೊದಲು ನೀವೇ ಅವರಿಗೆ ಹೇಳಿ. ಗೆಳೆಯರ ಮಾತಿಗೆ ಇರುವ ತೂಕ ದಂಡದ ರಸೀತಿಗಿಲ್ಲ. ಇನ್ನು ಹೊಸ ಪೈಪು ಹಾಕಿಸಿದ ದಿನ ಅಂಗಡಿಯವನು 'ಹಳೇದು ಇಲ್ಲೇ ಬಿಟ್ಟುಹೋಗಿ ಸರ್' ಎಂದರೆ ಬಿಟ್ಟುಬರಬೇಡಿ. ಎಫ್‌ಸಿಗೆ, ಇನ್ಶೂರೆನ್ಸ್ ಕ್ಲೇಮಿಗೆ, ಕಾರು ಮಾರುವಾಗ ಅದು ಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೊಸದರ ಡ್ರೋನ್ ಸಹಿಸಲಾರದೆ ಆರು ತಿಂಗಳಲ್ಲಿ ನೀವೇ ಅದನ್ನು ಹುಡುಕಿಕೊಂಡು ಬರುವ ಸಾಧ್ಯತೆ ಇದೆ. ಬಟ್ಟೆ ಸುತ್ತಿ ಮನೆಯಲ್ಲೇ ಒಂದು ಮೂಲೆಯಲ್ಲಿಡಿ.

ಇಂತಿ,
ಬಳ್ಳಾರಿ ರಸ್ತೆಯ ಬದಿಯ ನಿಮ್ಮವನೇ ಒಬ್ಬ